ಎಣಿಕೆ ಮೀರಿದ ಗ್ರಹಗಳು, ಎಣಿಸಿ ಆಡಬೇಕಾದ ಮಾತು



ಎರಡು ತಿಂಗಳ ಹಿಂದೆ ಪರಿಚಿತ ಬಂಧುಗಳೊಬ್ಬರ ಮನೆಗೆ ಪ್ರಸಾದಕ್ಕೆ ಹೋಗಿದ್ದೆ. ಊಟವಾದ ಮೇಲೆ ಆ ಮನೆಯ ತಾಯಿ, ಪಿ.ಯು. ತರಗತಿಯಲ್ಲಿ ಓದುತ್ತಿರುವ ಮಗನನ್ನು ಮುಂದೆ ನಿಲ್ಲಿಸಿ, “ಗುರುಗಳೇ, ಇವನಿಗೆ ನೀವಾದರೂ ನಾಲ್ಕು ಮಾತು ಹೇಳಬೇಕು. ಇನ್ನೂ ಹೊರಗೇ ಬಾರದ ಒಂದು ವಿಡಿಯೋ ಆಟಕ್ಕೆ ನಾಲ್ಕು ಸಾವಿರ ರೂಪಾಯಿ ಮುಂಗಡ ಕಟ್ಟುತ್ತೇನೆಂದು ಹಟ ಹಿಡಿದಿದ್ದಾನೆ” ಎಂದರು. ಹುಡುಗ ತಲೆ ತಗ್ಗಿಸಲಿಲ್ಲ, ಎದುರಾಡಲೂ ಇಲ್ಲ. “ಅಜ್ಜಾರೇ, ಅದು ಅಪ್ಪನ ಹಣವಲ್ಲ. ರಜೆಯಲ್ಲಿ ಮಾವನ ಅಂಗಡಿಯಲ್ಲಿ ದುಡಿದು ಕೂಡಿಟ್ಟದ್ದು. ಅಮ್ಮನ ಹತ್ತಿರ ಕೇಳುತ್ತಿರುವುದು ಒಪ್ಪಿಗೆ ಮಾತ್ರ” ಎಂದ.

ಅದು ಅಂತರಿಕ್ಷದಲ್ಲಿ ಸಂಚರಿಸುವ ಆಟವಂತೆ. ಸ್ವಂತ ನೌಕೆಯನ್ನೇರಿ ಗ್ರಹದಿಂದ ಗ್ರಹಕ್ಕೆ ಹೋಗಬಹುದಂತೆ. ಯಾರೂ ಕಾಲಿಡದ ನೆಲದಲ್ಲಿ ಇಳಿಯಬಹುದಂತೆ. ಅದರ ಜಾಹೀರಾತು ಚಿತ್ರವನ್ನು ಹುಡುಗ ದಿನವೂ ಮಲಗುವ ಮುನ್ನ ಒಮ್ಮೆ ನೋಡುತ್ತಾನೆ. ಅವನು ಅದನ್ನು ವರ್ಣಿಸುವಾಗ ಕಣ್ಣುಗಳಲ್ಲಿ ಕಂಡ ಬೆಳಕನ್ನು ನೋಡಿ, ಇದನ್ನು ಬರಿಯ ಹಟವೆಂದು ತಳ್ಳಿಹಾಕುವುದು ನ್ಯಾಯವಲ್ಲವೆಂದು ನನಗೆ ಅನ್ನಿಸಿತು. ಆಕಾಶವನ್ನು ನೋಡಿ ಬೆರಗಾಗುವುದು ದೋಷವಲ್ಲ. ಆದರೆ ಬೆರಗಿಗೆ ಬೆಲೆ ಕಟ್ಟಿ ಮಾರುವವರು ಇರುವ ಕಾಲದಲ್ಲಿ, ಕೊಳ್ಳುವವನಿಗೆ ವಿವೇಕವೂ ಬೇಕು.

ನಾನು ಈ ವಿಷಯದಲ್ಲಿ ಅಜ್ಞ. ಆದ್ದರಿಂದ ಆ ದಿನ ಉಪದೇಶ ಮಾಡಲಿಲ್ಲ. “ಇಂಥ ಆಟ ಹಿಂದೆ ಬಂದಿತ್ತೇ? ಬಂದಾಗ ಏನಾಯಿತು?” ಎಂದಷ್ಟೇ ಕೇಳಿದೆ. ಹುಡುಗ ಒಂದು ಹೆಸರು ಹೇಳಿದ. ಆ ಹೆಸರಿನ ಬೆನ್ನು ಹತ್ತಿ ನಾನು ಓದಿ ತಿಳಿದ ಸಂಗತಿಯನ್ನೇ ಈ ತಿಂಗಳು ತಮ್ಮ ಮುಂದಿಡುತ್ತಿದ್ದೇನೆ. ಮಕ್ಕಳಿರುವ ಪ್ರತಿಯೊಂದು ಮನೆಗೂ ಅದರಲ್ಲಿ ಗ್ರಹಿಸತಕ್ಕ ಅಂಶವಿದೆ.

ನಾಲ್ವರು ತೋರಿಸಿದ ಆಕಾಶ

ಆ ಆಟದ ಹೆಸರು ‘ನೋ ಮ್ಯಾನ್ಸ್ ಸ್ಕೈ’. ಯಾರಿಗೂ ಸೇರದ ಆಕಾಶವೆಂದು ಅದರ ಭಾವ. ಇಂಗ್ಲೆಂಡಿನ ಗಿಲ್ಡ್‌ಫರ್ಡ್ ಎಂಬ ಪಟ್ಟಣದಲ್ಲಿ ಶಾನ್ ಮರ್ರೆ ಎಂಬುವರು ಮೂವರು ಗೆಳೆಯರೊಡನೆ ಸ್ಥಾಪಿಸಿದ ‘ಹಲೋ ಗೇಮ್ಸ್’ ಎಂಬ ಸಣ್ಣ ಸಂಸ್ಥೆ ಅದನ್ನು ರಚಿಸಿತು. ಅದಕ್ಕೆ ಮೊದಲು ಆ ಸಂಸ್ಥೆಗೆ ಹೆಸರು ತಂದದ್ದು, ಮೋಟಾರು ಸೈಕಲ್ ಸಾಹಸದ ‘ಜೋ ಡೇಂಜರ್’ ಎಂಬ 2010ರ ಪುಟ್ಟ ಆಟ.

2013ರ ಡಿಸೆಂಬರ್ 7ರಂದು ಅಮೆರಿಕದ ಒಂದು ಪ್ರಶಸ್ತಿ ಸಮಾರಂಭದಲ್ಲಿ ಈ ಹೊಸ ಆಟದ ಕಿರುಚಿತ್ರವನ್ನು ಮೊದಲ ಬಾರಿಗೆ ತೋರಿಸಲಾಯಿತು. ಆಗ ಅದರ ಕೆಲಸದಲ್ಲಿ ತೊಡಗಿದ್ದವರು ನಾಲ್ಕೇ ಜನ. ಚಿತ್ರದಲ್ಲಿ ಒಬ್ಬ ಸಂಚಾರಿ ಸಮುದ್ರದ ತಳದಲ್ಲಿ ಈಜುತ್ತಾನೆ. ದಡಕ್ಕೆ ಬಂದು ನೌಕೆಯನ್ನೇರುತ್ತಾನೆ. ಎಲ್ಲಿಯೂ ತಡೆಯಿಲ್ಲದೆ ಮೋಡಗಳನ್ನು ದಾಟಿ, ಗ್ರಹವನ್ನೇ ಹಿಂದಿಟ್ಟು ಅಂತರಿಕ್ಷವನ್ನು ಸೇರುತ್ತಾನೆ. ನೋಡಿದವರು ಬೆರಗಾದರು. ಮಾರನೆಯ ದಿನದಿಂದಲೇ ಅದು ಜಗತ್ತಿನ ಆಟಗಾರರ ಬಾಯಲ್ಲಿತ್ತು.

ಅದೇ ತಿಂಗಳ 24ರಂದು, ಕ್ರಿಸ್‌ಮಸ್ ಹಬ್ಬದ ಹಿಂದಿನ ದಿನ, ಅವರ ಕಾರ್ಯಾಲಯಕ್ಕೆ ಪ್ರವಾಹದ ನೀರು ನುಗ್ಗಿ ಯಂತ್ರಗಳು ಹಾಳಾದವು. ಆದರೂ ಅವರು ಕೈಬಿಡಲಿಲ್ಲ. 2014ರ ಜೂನ್ ತಿಂಗಳಲ್ಲಿ ಲಾಸ್ ಏಂಜಲೀಸಿನ ದೊಡ್ಡ ಪ್ರದರ್ಶನದಲ್ಲಿ ಸೋನಿ ಸಂಸ್ಥೆ ತನ್ನ ವೇದಿಕೆಯ ಮೇಲೆಯೇ ಈ ಆಟಕ್ಕೆ ಸ್ಥಾನ ಕೊಟ್ಟಿತು. ಬೆರಳೆಣಿಕೆಯ ಜನ ಮಾಡುತ್ತಿದ್ದ ಕೆಲಸಕ್ಕೆ ಮಹಾಸಂಸ್ಥೆಯೊಂದರ ಡಂಗುರ ಸೇರಿಕೊಂಡಿತು. 2015ರ ಅಕ್ಟೋಬರಿನಲ್ಲಿ ಮರ್ರೆಯವರು ಅಮೆರಿಕದ ದೂರದರ್ಶನದ ಜನಪ್ರಿಯ ರಾತ್ರಿ ಕಾರ್ಯಕ್ರಮದಲ್ಲಿ, ಸ್ಟೀಫನ್ ಕೋಲ್ಬರ್ಟ್ ಅವರ ಎದುರು ಕುಳಿತು ಆಟವನ್ನು ಆಡಿ ತೋರಿಸಿದರು. ಸಣ್ಣ ಅಂಗಡಿಯ ಮುಂದೆ ಜಾತ್ರೆಯ ಜನ ನೆರೆದಂತಾಯಿತು.

ಬೀಜದಿಂದ ಗ್ರಹ

ಈ ಆಟದ ವಿಷಯದಲ್ಲಿ ಎಲ್ಲರನ್ನೂ ಮರುಳು ಮಾಡಿದ್ದು ಒಂದು ಸಂಖ್ಯೆ. ಅದರಲ್ಲಿರುವ ಗ್ರಹಗಳು 18,446,744,073,709,551,616 ಎಂದು ಸಾರಲಾಯಿತು. ನಮ್ಮ ಎಣಿಕೆಯಲ್ಲಿ ಹೇಳುವುದಾದರೆ, ಒಂದು ಲಕ್ಷ ಎಂಬತ್ತನಾಲ್ಕು ಸಾವಿರ ಕೋಟಿ ಕೋಟಿಗೂ ಹೆಚ್ಚು. ಸೆಕೆಂಡಿಗೆ ಒಂದು ಗ್ರಹದಂತೆ ಕೇವಲ ಕಣ್ಣಾಡಿಸುತ್ತ ಹೋದರೂ 58,000 ಕೋಟಿ ವರ್ಷಗಳಿಗೂ ಅಧಿಕ ಕಾಲ ಬೇಕು. ವಿಜ್ಞಾನಿಗಳ ಲೆಕ್ಕದಂತೆ ಈ ವಿಶ್ವದ ವಯಸ್ಸೇ ಸುಮಾರು 1,380 ಕೋಟಿ ವರ್ಷ.

ಕೆಲವೇ ಜನ ಇಷ್ಟು ಗ್ರಹಗಳನ್ನು ರಚಿಸಿದ್ದು ಹೇಗೆ? ವಾಸ್ತವವಾಗಿ ಅವರು ಒಂದೊಂದನ್ನೂ ರಚಿಸಲಿಲ್ಲ. ರಚಿಸುವ ನಿಯಮವನ್ನು ರಚಿಸಿದರು. ನಮ್ಮ ತಾಯಂದಿರು ಹಾಕುವ ಚುಕ್ಕಿ ರಂಗೋಲಿಯನ್ನು ನೆನೆಯಿರಿ. ಚುಕ್ಕಿಗಳ ಸಾಲು ಇಷ್ಟು, ಎಳೆ ಹೋಗಬೇಕಾದ ಕ್ರಮ ಇಂಥದು ಎಂದು ತಿಳಿದರೆ ಸಾಕು, ನೂರಾರು ರಂಗೋಲಿಗಳು ಹುಟ್ಟುತ್ತವೆ. ಎಲ್ಲವನ್ನೂ ಪುಸ್ತಕದಲ್ಲಿ ಬರೆದಿಡಬೇಕಾಗಿಲ್ಲ. ಹಾಗೆಯೇ ಈ ಆಟದಲ್ಲಿ ಪ್ರತಿ ಗ್ರಹಕ್ಕೂ ಒಂದು ಸಂಖ್ಯೆಯಿದೆ. ಅದನ್ನು ‘ಬೀಜ’ವೆಂದೇ ಕರೆಯುತ್ತಾರೆ. ಆಟಗಾರ ಗ್ರಹವನ್ನು ಸಮೀಪಿಸಿದಾಗ ಯಂತ್ರವು ಆ ಬೀಜವನ್ನು ಸೂತ್ರಕ್ಕೆ ಹಾಕಿ ಬೆಟ್ಟ, ಕಣಿವೆ, ಗಿಡ, ಪ್ರಾಣಿಗಳನ್ನು ಆ ಕ್ಷಣದಲ್ಲಿ ಮೂಡಿಸುತ್ತದೆ. ಆತ ದೂರ ಸರಿದರೆ ಗ್ರಹ ಅಳಿಯುತ್ತದೆ. ಮತ್ತೆ ಬಂದರೆ ಅದೇ ಬೀಜದಿಂದ ಅದೇ ಗ್ರಹ ಹುಟ್ಟುತ್ತದೆ. ಬೀಜದ ಸಂಖ್ಯೆ ಎರಡನ್ನು 64 ಬಾರಿ ಗುಣಿಸಿದಷ್ಟರವರೆಗೆ ಇರಬಹುದಾದ್ದರಿಂದ ಗ್ರಹಗಳ ಎಣಿಕೆ ಅಷ್ಟಾಯಿತು.

ಇದು ಸುಳ್ಳಲ್ಲ, ನಿಜವಾಗಿಯೂ ಮೆಚ್ಚತಕ್ಕ ಗಣಿತ. ಆದರೆ ಇಲ್ಲೊಂದು ಸೂಕ್ಷ್ಮವಿದೆ. ಎಣಿಕೆ ಬೇರೆ, ವೈವಿಧ್ಯ ಬೇರೆ. ನೂರು ರಂಗೋಲಿ ಹಾಕಿದರೂ ಚುಕ್ಕಿ ಮತ್ತು ಎಳೆಗಳ ಜಾತಿ ಒಂದೇ ಆದರೆ, ಮೂವತ್ತನೆಯದನ್ನು ನೋಡುವ ಹೊತ್ತಿಗೆ ಕಣ್ಣು ಅದರ ಗುಟ್ಟನ್ನು ಹಿಡಿದುಬಿಡುತ್ತದೆ. ಕಾಲು, ಕೋಡು, ಬಾಲಗಳನ್ನು ಅದಲುಬದಲಾಗಿ ಜೋಡಿಸಿದ ಪ್ರಾಣಿಗಳು ಲೆಕ್ಕದಲ್ಲಿ ಕೋಟಿಯಾದರೂ ಮನಸ್ಸಿಗೆ ಹತ್ತಾರು ಮಾತ್ರವೇ.

ಈ ಸೂಕ್ಷ್ಮ ಹಿಂದಿನವರಿಗೆ ತಿಳಿದಿತ್ತು. 1984ರಲ್ಲಿ ಡೇವಿಡ್ ಬ್ರೇಬೆನ್ ಮತ್ತು ಇಯಾನ್ ಬೆಲ್ ಎಂಬ ಇಬ್ಬರು ತರುಣರು ‘ಎಲೀಟ್’ ಎಂಬ ಅಂತರಿಕ್ಷದ ಆಟವನ್ನು ರಚಿಸಿದರು. ಅಂದಿನ ಬಿ.ಬಿ.ಸಿ. ಮೈಕ್ರೋ ಗಣಕಯಂತ್ರದ ನೆನಪಿನ ಶಕ್ತಿ ಕೇವಲ 32 ಕಿಲೋಬೈಟ್. ಅಷ್ಟರಲ್ಲಿಯೇ ಇದೇ ಬಗೆಯ ಸೂತ್ರದಿಂದ 281 ಲಕ್ಷ ಕೋಟಿಗೂ ಮಿಕ್ಕ ಆಕಾಶಗಂಗೆಗಳನ್ನು ತೋರಿಸಲು ಅವರು ಶಕ್ತರಾಗಿದ್ದರು. ಪ್ರಕಾಶಕರಾದ ಏಕಾರ್ನ್‌ಸಾಫ್ಟ್‌ನವರು ಅದಕ್ಕೆ ಒಪ್ಪಲಿಲ್ಲ. ಅಷ್ಟೊಂದು ಇಟ್ಟರೆ ಇದೆಲ್ಲ ಬರಿಯ ಲೆಕ್ಕಾಚಾರವೆಂದು ಆಟಗಾರನಿಗೆ ಗೊತ್ತಾಗಿಬಿಡುತ್ತದೆ, ಕಡಿಮೆ ಮಾಡಿರೆಂದರು. ಕೊನೆಗೆ ಉಳಿಸಿಕೊಂಡದ್ದು ಎಂಟು ಆಕಾಶಗಂಗೆ, ಒಂದೊಂದರಲ್ಲಿ 256 ಗ್ರಹ. ಕೈಯಲ್ಲಿದ್ದ ದೊಡ್ಡ ಸಂಖ್ಯೆಯನ್ನು ಬಿಟ್ಟುಕೊಟ್ಟ ಆ ಆಟವನ್ನು ಜನ ಇಂದಿಗೂ ಗೌರವದಿಂದ ನೆನೆಯುತ್ತಾರೆ.

ಚದುರಂಗದ ಹಲಗೆಯ ಕಥೆ

ಆ ಇಪ್ಪತ್ತು ಅಂಕಿಗಳ ಸಂಖ್ಯೆಯನ್ನು ಓದುತ್ತಿದ್ದಾಗ ಅದನ್ನು ಎಲ್ಲಿಯೋ ಕಂಡಿದ್ದೇನೆಂದು ನನಗೆ ತೋರಿತು. ಚಿಕ್ಕಂದಿನಲ್ಲಿ ಮಠದ ಪಾಠಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದ ಹಿರಿಯರೊಬ್ಬರು ಚದುರಂಗದ ಕಥೆ ಹೇಳುತ್ತಿದ್ದರು. ಕಥೆ ತಮಗೂ ತಿಳಿದದ್ದೇ. ಚದುರಂಗದ ಆಟವನ್ನು ಕಂಡುಹಿಡಿದ ಜಾಣನಿಗೆ ಮೆಚ್ಚಿದ ಭಾರತದ ಅರಸ ಬೇಕಾದ್ದನ್ನು ಕೇಳೆಂದ. ಜಾಣನು, ಹಲಗೆಯ ಮೊದಲ ಮನೆಗೆ ಒಂದು ಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು, ಹೀಗೆ 64 ಮನೆಗಳಿಗೂ ಇಮ್ಮಡಿಸುತ್ತ ಕೊಟ್ಟರೆ ಸಾಕೆಂದ. ಇಷ್ಟೇ ತಾನೆ ಎಂದು ನಕ್ಕು ಅರಸ ಮಾತು ಕೊಟ್ಟ. ಕಣಜದವರು ಲೆಕ್ಕ ಹಾಕಿದಾಗ ಬಂದದ್ದು 18,446,744,073,709,551,615 ಕಾಳು. ಇಂದು ಇಡೀ ಲೋಕದ ಗದ್ದೆಗಳು ನೂರಾರು ವರ್ಷ ಬೆಳೆದರೂ ಆ ರಾಶಿ ತುಂಬದು.

ಆ ಆಟದ ಗ್ರಹಗಳು ಈ ಕಾಳುಗಳಿಗಿಂತ ಒಂದೇ ಒಂದು ಹೆಚ್ಚು! ಎರಡೂ ಲೆಕ್ಕಗಳು ಎರಡನ್ನು 64 ಬಾರಿ ಗುಣಿಸುವುದರಿಂದ ಬಂದವುಗಳಾದ್ದರಿಂದ ಇದರಲ್ಲಿ ಪವಾಡವೇನೂ ಇಲ್ಲ. ಆದರೆ ನೀತಿಯುಂಟು. ಅರಸ ಕೆಟ್ಟವನಲ್ಲ, ವಂಚಿಸುವ ಉದ್ದೇಶವೂ ಅವನಿಗಿರಲಿಲ್ಲ. ಸಂತೋಷದ ಭರದಲ್ಲಿ, ಎಣಿಸಿ ನೋಡುವ ಮೊದಲೇ ಮಾತು ಕೊಟ್ಟ. ಸಂತೋಷದಲ್ಲಿ ಕೊಟ್ಟ ಮಾತೂ ಸಾಲವೇ.

ನಿರೀಕ್ಷೆಯ ಭಾರ

ಮರ್ರೆಯವರ ಸ್ಥಿತಿಯೂ ಹೆಚ್ಚು ಕಡಿಮೆ ಹೀಗೆಯೇ ಆಯಿತು. ಸಂದರ್ಶಕರು ಕೇಳಿದ ಪ್ರಶ್ನೆಗಳಿಗೆ ಅವರು ಉತ್ಸಾಹದಿಂದ ಉತ್ತರಿಸುತ್ತ ಹೋದರು. ಆಟಗಾರರು ಅಲ್ಲಿ ಒಬ್ಬರನ್ನೊಬ್ಬರು ಕಾಣಬಹುದೇ ಎಂದಾಗ, ವಿಸ್ತಾರ ಬಹಳವಾದ್ದರಿಂದ ಅದು ಅಪರೂಪ, ಆದರೆ ಸಾಧ್ಯ ಎಂಬರ್ಥದ ಉತ್ತರ ಬಂದಿತು. ಹೇಳದೆ ಉಳಿದದ್ದನ್ನು ಕೇಳುಗರ ಮನಸ್ಸು ತುಂಬಿಕೊಂಡಿತು. ಯುದ್ಧ ಬಯಸಿದವನು ಮಹಾಯುದ್ಧವನ್ನು, ವ್ಯಾಪಾರ ಬಯಸಿದವನು ನಗರಗಳನ್ನು, ಗೆಳೆತನ ಬಯಸಿದವನು ಸಹಯಾತ್ರಿಗಳನ್ನು ಆ ಆಕಾಶದಲ್ಲಿ ಕಂಡುಕೊಂಡ. ಒಂದೇ ಆಟದಿಂದ ಸಾವಿರ ಜನ ಸಾವಿರ ಆಟಗಳನ್ನು ಎದುರು ನೋಡುತ್ತಿದ್ದರು.

ಜೂನ್ ತಿಂಗಳಲ್ಲಿ ಬರಬೇಕಾದದ್ದು ಆಗಸ್ಟಿಗೆ ಮುಂದೂಡಲ್ಪಟ್ಟಿದೆಯೆಂದು 2016ರ ಮೇ ತಿಂಗಳಲ್ಲಿ ಪ್ರಕಟವಾಯಿತು. ಇಷ್ಟಕ್ಕೇ ಮರ್ರೆಯವರಿಗೂ, ಆ ಸುದ್ದಿಯನ್ನು ಮೊದಲು ಬರೆದ ಪತ್ರಕರ್ತರಿಗೂ ಕೊಲೆ ಬೆದರಿಕೆಗಳು ಬಂದವೆಂದರೆ ನಂಬುವುದು ಕಷ್ಟ; ಆದರೆ ನಡೆದದ್ದು ನಿಜ. ಇನ್ನೂ ನೋಡದ ಒಂದು ಆಟಕ್ಕಾಗಿ, ನೋಡದ ಮನುಷ್ಯನ ಜೀವ ತೆಗೆಯುವ ಮಾತು! ನಿರೀಕ್ಷೆ ಮಿತಿ ಮೀರಿದಾಗ ಅದು ಪ್ರೀತಿಯಾಗಿ ಉಳಿಯದೆ ಹಕ್ಕಾಗುತ್ತದೆ. ಹಕ್ಕು ಈಡೇರದಿದ್ದಾಗ ಕ್ರೋಧವಾಗುತ್ತದೆ.

2016ರ ಆಗಸ್ಟ್ 9ರಂದು ಆಟ ಬಿಡುಗಡೆಯಾಯಿತು. ಬೆಲೆ 60 ಡಾಲರ್. ಅಂದರೆ ದೊಡ್ಡ ಸಂಸ್ಥೆಗಳು ಇಡುವ ಪೂರ್ಣ ಬೆಲೆ. ಆ ದಿನಗಳಲ್ಲಿಯೇ ಮರ್ರೆಯವರು, ಇದು ನೀವು ಕಲ್ಪಿಸಿಕೊಂಡ ಆಟವಲ್ಲದಿರಬಹುದು ಎಂಬ ಎಚ್ಚರಿಕೆಯನ್ನು ಬರೆದು ಪ್ರಕಟಿಸಿದರು. ಅಷ್ಟು ಹೊತ್ತಿಗೆ ತಡವಾಗಿತ್ತು. ಮೊದಲ ದಿನವೇ ಇಬ್ಬರು ಆಟಗಾರರು ಒಂದೇ ಗ್ರಹದ ಒಂದೇ ಸ್ಥಳಕ್ಕೆ ಬಂದು ನಿಂತರು, ಒಬ್ಬರಿಗೊಬ್ಬರು ಕಾಣಿಸಲಿಲ್ಲ. ಗಣಕಯಂತ್ರದ ಆವೃತ್ತಿ ಬಂದಾಗ ಸ್ಟೀಮ್ ಎಂಬ ಮಾರಾಟ ತಾಣದಲ್ಲಿ ಏಕಕಾಲಕ್ಕೆ ಎರಡು ಲಕ್ಷಕ್ಕೂ ಹೆಚ್ಚು ಜನ ಆಡುತ್ತಿದ್ದರು. ಒಂದೆರಡು ತಿಂಗಳಲ್ಲಿ ಅದರ ಹತ್ತರಲ್ಲೊಂದು ಪಾಲೂ ಉಳಿಯಲಿಲ್ಲ. ಬಹು ಶ್ರಮದಿಂದ ಆ ಲೋಕದ ನಡುವನ್ನು ಮುಟ್ಟಿದವರಿಗೆ ದೊರೆತದ್ದು ಅಂಥದೇ ಇನ್ನೊಂದು ಆಕಾಶಗಂಗೆಯ ಅಂಚು ಮಾತ್ರ.

ದೂರುಗಳು ಬ್ರಿಟನ್ನಿನ ಜಾಹೀರಾತು ನಿಯಂತ್ರಣ ಸಂಸ್ಥೆಯವರೆಗೆ ಹೋದವು. ಆ ಸಂಸ್ಥೆ ಸ್ಟೀಮ್ ತಾಣದಲ್ಲಿದ್ದ ಚಿತ್ರಗಳನ್ನೂ ವಿವರಣೆಯನ್ನೂ ಪರಿಶೀಲಿಸಿ, 2016ರ ನವೆಂಬರ್ 30ರಂದು ಜಾಹೀರಾತು ದಾರಿ ತಪ್ಪಿಸುವಂಥದಲ್ಲವೆಂದು ತೀರ್ಪಿತ್ತಿತು. ನಿಯಮದ ಕಣ್ಣಿನಲ್ಲಿ ತಪ್ಪಿರಲಿಲ್ಲ. ಆದರೂ ಸಾವಿರಾರು ಮನಸ್ಸುಗಳು ತಾವು ಮೋಸಹೋದೆವೆಂದೇ ಭಾವಿಸಿದ್ದವು. ಕಾಗದದ ಮೇಲಿನ ಮಾತಿಗೂ ಮನಸ್ಸಿನಲ್ಲಿ ಮೂಡಿದ ಮಾತಿಗೂ ನಡುವಣ ಈ ಅಂತರವನ್ನು ಯಾವ ನ್ಯಾಯಸ್ಥಾನವೂ ಅಳೆಯಲಾರದು.

ಸಾಲ ತೀರಿಸಿದ ಬಗೆ

ಕಥೆ ಇಲ್ಲಿಗೇ ಮುಗಿದಿದ್ದರೆ ನಾನಿದನ್ನು ಬರೆಯುತ್ತಿರಲಿಲ್ಲ. ಹಣ ಬಂದಾಗಿತ್ತು, ಬಾಗಿಲು ಮುಚ್ಚಿ ಹೋಗಬಹುದಿತ್ತು. ಆ ಸಣ್ಣ ಸಂಸ್ಥೆ ಹಾಗೆ ಮಾಡಲಿಲ್ಲ. ಸಮರ್ಥನೆಗೂ ಇಳಿಯಲಿಲ್ಲ. ಸಂದರ್ಶನ, ಭಾಷಣ, ಭರವಸೆ ಎಲ್ಲವನ್ನೂ ನಿಲ್ಲಿಸಿ ಮೌನವಾಗಿ ಕೆಲಸಕ್ಕೆ ಕುಳಿತಿತು. ಸುಮಾರು ಮೂರು ತಿಂಗಳ ಮೌನದ ನಂತರ, 2016ರ ನವೆಂಬರ್ ಕೊನೆಯಲ್ಲಿ, ‘ಫೌಂಡೇಶನ್’ ಅಂದರೆ ‘ಅಡಿಪಾಯ’ ಎಂಬ ಹೆಸರಿನ ಮೊದಲ ದೊಡ್ಡ ಸೇರ್ಪಡೆ ಬಂದಿತು. ಆಟಗಾರ ತನ್ನ ನೆಲೆಯನ್ನು ಕಟ್ಟಿಕೊಳ್ಳುವ ಅವಕಾಶ ಅದರಲ್ಲಿತ್ತು. 2017ರಲ್ಲಿ ಇನ್ನೆರಡು ಸೇರ್ಪಡೆಗಳು ಬಂದವು. 2018ರ ಜುಲೈ ತಿಂಗಳ ‘ನೆಕ್ಸ್ಟ್’ ಎಂಬ ಸೇರ್ಪಡೆಯಲ್ಲಿ ಆಟಗಾರರು ಕಡೆಗೂ ಒಬ್ಬರನ್ನೊಬ್ಬರು ಕಂಡು, ಕೂಡಿ ಸಂಚರಿಸುವಂತಾಯಿತು. 2016ರಲ್ಲಿ ಒಂದೇ ಜಾಗದಲ್ಲಿ ನಿಂತು ಕಾಣಿಸದೆ ಹೋದವರಿಗೆ ಉತ್ತರ ಎರಡು ವರ್ಷಗಳ ಮೇಲೆ ದೊರೆಯಿತು. 2019ರಲ್ಲಿ ಮತ್ತೊಂದು, ಆಮೇಲೆ ವರ್ಷವರ್ಷವೂ ಹಲವು. ಇವುಗಳಲ್ಲಿ ಯಾವುದಕ್ಕೂ ಮೊದಲೇ ಕೊಂಡವರಿಂದ ಒಂದು ಕಾಸನ್ನೂ ಕೇಳಲಿಲ್ಲ.

ಜನರ ಮನಸ್ಸು ತಿರುಗಲು ಬಹಳ ಕಾಲ ಬೇಕಾಯಿತು. 2020ರ ಡಿಸೆಂಬರಿನಲ್ಲಿ ‘ದಿ ಗೇಮ್ ಅವಾರ್ಡ್ಸ್’ ಸಮಾರಂಭದಲ್ಲಿ, ಬಿಡುಗಡೆಯ ನಂತರವೂ ಬೆಳೆಯುತ್ತಿರುವ ಆಟಗಳಿಗೆ ಮೀಸಲಾದ ಪ್ರಶಸ್ತಿ ಈ ಆಟಕ್ಕೆ ಸಂದಿತು. ಒಮ್ಮೆ ಬೈಗುಳಗಳಿಂದಲೇ ತುಂಬಿದ್ದ ಸ್ಟೀಮ್ ತಾಣದ ಅಭಿಪ್ರಾಯಗಳು 2024ರ ಹೊತ್ತಿಗೆ ‘ಬಹಳ ಒಳ್ಳೆಯದು’ ಎಂಬ ಶ್ರೇಣಿಗೆ ಏರಿದವು. ಒಂದು ಸಂಜೆ ಆಡಿದ ಮಾತನ್ನು ನಡೆಯಾಗಿಸಲು ಎಂಟು ವರ್ಷ ಹಿಡಿಯಿತು. ನುಡಿ ಎಷ್ಟು ಅಗ್ಗ, ನಡೆ ಎಷ್ಟು ತುಟ್ಟಿ ಎಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕೆ?

ಎಲ್ಲ ಕಡೆಯೂ ಹೀಗಾಗುತ್ತದೆಂದು ತಿಳಿಯಲಾಗದು. ‘ಸ್ಟಾರ್ ಸಿಟಿಜನ್’ ಎಂಬ ಇನ್ನೊಂದು ಅಂತರಿಕ್ಷದ ಆಟಕ್ಕೆ 2012ರಲ್ಲಿ ಜನರಿಂದ ಮುಂಗಡ ವಂತಿಗೆ ಎತ್ತಲು ತೊಡಗಿದರು. 2014ರ ನವೆಂಬರಿಗೆ ಕೊಡುವ ಅಂದಾಜಿತ್ತು. 2024ರಲ್ಲಿ ಆ ವಂತಿಗೆ 70 ಕೋಟಿ ಡಾಲರನ್ನು ಮೀರಿತು. ಆಗಲೂ ಆಟ ಪೂರ್ಣಗೊಂಡಿರಲಿಲ್ಲ. 2023ರ ಸೆಪ್ಟೆಂಬರಿನಲ್ಲಿ ಬಂದ ‘ಸ್ಟಾರ್‌ಫೀಲ್ಡ್’ ಎಂಬ ಆಟ ಸಾವಿರಕ್ಕೂ ಹೆಚ್ಚು ಗ್ರಹಗಳ ಹೆಗ್ಗಳಿಕೆ ಹೊತ್ತು ಬಂದಿತು. ಹಲವು ಗ್ರಹಗಳು ಬರಿದಾಗಿವೆಯೆಂಬ ದೂರನ್ನೂ ಕೇಳಿತು. ಮರ್ರೆಯವರ ಕಥೆಯ ಕೊನೆ ಸುಖಾಂತವಾದದ್ದು ಅವರ ಶ್ರಮದಿಂದ, ನಮ್ಮ ಮುಂಗಡದಿಂದಲ್ಲ. ಅದೇ ಮರ್ರೆಯವರು 2023ರ ಡಿಸೆಂಬರ್ 7ರಂದು, ಮೊದಲ ಕಿರುಚಿತ್ರ ತೋರಿಸಿ ಹತ್ತು ವರ್ಷ ತುಂಬಿದ ದಿನವೇ, ಭೂಮಿಯಷ್ಟೇ ವಿಸ್ತಾರದ ಒಂದೇ ಲೋಕವುಳ್ಳ ‘ಲೈಟ್ ನೋ ಫೈರ್’ ಎಂಬ ಹೊಸ ಆಟವನ್ನು ಪ್ರಕಟಿಸಿದರು. ಕೋಟಿ ಕೋಟಿಯ ಬದಲು ಒಂದೇ ಒಂದು. ಆದರೆ ಆ ಒಂದೂ ಎಷ್ಟು ದೊಡ್ಡದು! ಹೊಸ ನಿರೀಕ್ಷೆ ಮತ್ತೆ ಮೊಳೆಯತೊಡಗಿತು.

ಮೂರು ಸಾಲಿನ ಹಾಳೆ

ಹಾಗಾದರೆ ತಪ್ಪು ಯಾರದು? ಹೇಳಿದವರದೋ ಕೇಳಿದವರದೋ? ನನ್ನ ಮಟ್ಟಿಗೆ, ನಿರೀಕ್ಷೆಯೆಂಬುದು ಇಬ್ಬರು ಕೂಡಿ ನೇಯುವ ಬಟ್ಟೆ. ಮಾರುವವನು ಹಾಸು ಹಾಕುತ್ತಾನೆ. ಕೊಳ್ಳುವವನ ಆಸೆ ಹೊಕ್ಕು ಹಾಕುತ್ತದೆ. ಹಾಸನ್ನು ತಡೆಯುವುದು ನಮ್ಮ ಕೈಯಲ್ಲಿಲ್ಲ, ಹೊಕ್ಕು ನಮ್ಮದೇ.

ಇದನ್ನೆಲ್ಲ ಓದಿಕೊಂಡು ಒಂದು ತಿಂಗಳ ನಂತರ ಮತ್ತೆ ಆ ಮನೆಗೆ ಹೋದೆ. ಹುಡುಗನಿಗೆ ಒಂದು ಹಾಳೆ ಕೊಟ್ಟು ಮೂರು ಸಾಲು ಎಳೆಯಲು ಹೇಳಿದೆ. ಮೊದಲನೆಯ ಸಾಲಿಗೆ ‘ಕಂಡದ್ದು’, ಎರಡನೆಯದಕ್ಕೆ ‘ಕೇಳಿದ್ದು’, ಮೂರನೆಯದಕ್ಕೆ ‘ಕಲ್ಪಿಸಿಕೊಂಡದ್ದು’ ಎಂದು ಹೆಸರು. ಹೊಸ ಆಟದ ಬಗ್ಗೆ ತಿಳಿದಿರುವ ಒಂದೊಂದು ಸಂಗತಿಯನ್ನೂ ಅದರ ಸಾಲಿನಲ್ಲಿ ಬರೆಯಬೇಕು. ಯಾರಾದರೂ ತಮ್ಮ ಕೈಯಾರೆ ಆಡುತ್ತಿರುವುದನ್ನು ನೋಡಿದ್ದರೆ ಅದು ಕಂಡದ್ದು. ತಯಾರಕರು ಹೇಳಿದ್ದರೆ ಕೇಳಿದ್ದು. ಉಳಿದದ್ದೆಲ್ಲ ಮೂರನೆಯ ಸಾಲಿಗೆ.

ಹುಡುಗ ಪ್ರಾಮಾಣಿಕ. ಅರ್ಧ ಗಂಟೆ ಕುಳಿತು ಬರೆದ. ಮೊದಲ ಸಾಲಿನಲ್ಲಿ ಎರಡು ಸಂಗತಿಗಳಿದ್ದವು, ಎರಡನೆಯದರಲ್ಲಿ ಐದಾರು. ಮೂರನೆಯದು ಹಾಳೆಯ ಹಿಂಬದಿಗೂ ಹರಿದಿತ್ತು. ಅದನ್ನು ನೋಡಿ ಅವನೇ ನಕ್ಕ. “ಅಜ್ಜಾರೇ, ನಾನು ಹಣ ಕಟ್ಟುತ್ತಿದ್ದುದು ಮೂರನೆಯ ಸಾಲಿಗೆ” ಎಂದ. ಈ ಮಾತು ನಾನು ಹೇಳಿಕೊಟ್ಟದ್ದಲ್ಲ.

ಪಾಲಕರ ಉಪಯೋಗಕ್ಕೆ ಇನ್ನೆರಡು ವ್ಯಾವಹಾರಿಕ ಮಾತು. ಗಣಕಯಂತ್ರದ ಮೂಲಕ ಮಾರುವ ಆಟ ಸಂತೆಯ ಮಾವಿನಹಣ್ಣಲ್ಲ, ತಡವಾದರೆ ಮುಗಿದುಹೋಗುವುದಿಲ್ಲ. ಬಿಡುಗಡೆಯಾಗಿ ಎರಡು ವಾರ ಕಾದರೆ, ಹಣ ಪಡೆಯದ ಸಾಮಾನ್ಯ ಆಟಗಾರರು ಹೇಳುವ ಮಾತು ಸಿಗುತ್ತದೆ. ನಮ್ಮ ಮನೆಯ ಯಂತ್ರ ಅದನ್ನು ನಡೆಸಲು ಶಕ್ತವೇ ಎಂಬುದನ್ನೂ ಅಷ್ಟರಲ್ಲಿ ವಿಚಾರಿಸಬಹುದು. ಸ್ಟೀಮ್ ತಾಣದಲ್ಲಿ ಕೊಂಡದ್ದಾದರೆ, ಕೊಂಡ 14 ದಿನಗಳೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ, ಹಣವನ್ನು ಹಿಂದಕ್ಕೆ ಕೇಳುವ ಅವಕಾಶವಿದೆ. ಇದನ್ನು ಮಕ್ಕಳಿಗೆ ತಿಳಿಸಿಡುವುದು ಒಳಿತು.

ಮನೆಯೊಳಗಿನ ಮಾತು

ಇಲ್ಲಿಗೆ ಲೇಖನ ಮುಗಿಯಬೇಕಿತ್ತು. ಆದರೆ ಆ ಸಂಜೆ ಹುಡುಗ ಹಾಳೆಯನ್ನು ಮಡಿಸುತ್ತ ಮೆಲ್ಲಗೆ ಇನ್ನೊಂದು ಮಾತು ಹೇಳಿದ. “ಹತ್ತನೆಯ ತರಗತಿಯಲ್ಲಿ ನೂರಕ್ಕೆ ತೊಂಬತ್ತು ಬಂದರೆ ಬೆಂಗಳೂರಿನ ತಾರಾಲಯ ತೋರಿಸುತ್ತೇನೆಂದು ಅಪ್ಪ ಹೇಳಿದ್ದರು. ತೊಂಬತ್ತೆರಡು ಬಂತು. ಎರಡು ಬೇಸಿಗೆ ಆಯಿತು. ಅದು ಯಾವ ಸಾಲಿಗೆ ಅಜ್ಜಾರೇ?”

ತಂದೆ ಅಲ್ಲಿಯೇ ಕುಳಿತಿದ್ದರು. ಸಜ್ಜನರು; ಅಂಗಡಿಯ ಕೆಲಸದಲ್ಲಿ ಮುಳುಗಿರುವವರು. ಮಾತು ಕೊಟ್ಟದ್ದು ನಿಜ, ಮರೆತದ್ದೂ ನಿಜ. ಯಾರೂ ಉತ್ತರ ಹೇಳಲಿಲ್ಲ. ನನಗೂ ಹೇಳಲಾಗಲಿಲ್ಲ.

ಬಂಧುಗಳೇ, ದೂರದ ಇಂಗ್ಲೆಂಡಿನ ತಯಾರಕರು ಆಡಿದ ಹೆಚ್ಚಿನ ಮಾತನ್ನು ತೂಗಿ ನೋಡುವ ನಾವು, ನಮ್ಮ ಮನೆಯ ಜಗಲಿಯಲ್ಲಿ ಎಷ್ಟು ಜಾಹೀರಾತುಗಳನ್ನು ಹೊರಡಿಸುತ್ತೇವೆ! ಇಷ್ಟು ಅಂಕ ಬಂದರೆ ಸೈಕಲ್, ಇಂಥ ಕಾಲೇಜು ಸಿಕ್ಕರೆ ಬದುಕೇ ಬಂಗಾರ. ಹೆಣ್ಣು ತೋರಿಸುವಾಗ ಹುಡುಗನ ಸಂಬಳಕ್ಕೆ ನಾಲ್ಕು ಸಾವಿರ ಸೇರಿಸಿ ಹೇಳುವುದು, ಹುಡುಗನ ಮನೆಯವರ ಮುಂದೆ ಹುಡುಗಿಯ ಹಾಡನ್ನು ಕಚೇರಿಯ ಮಟ್ಟಕ್ಕೆ ಏರಿಸುವುದು. ಯಾವುದೂ ಪೂರ್ಣ ಸುಳ್ಳಲ್ಲ. ಸಂತೋಷದ ಭರದಲ್ಲಿ ಎಣಿಸದೆ ಆಡಿದ ಮಾತುಗಳು. ಕೇಳಿದವರು ಅವುಗಳ ಮೇಲೆ ಮಾಳಿಗೆ ಕಟ್ಟುತ್ತಾರೆ. ಮಾಳಿಗೆ ಕುಸಿದಾಗ, ಹಾಗೆ ಹೇಳಿರಲಿಲ್ಲವಲ್ಲ ಎಂದು ನಾವು ಕೈ ತೊಳೆದುಕೊಳ್ಳುತ್ತೇವೆ. ಜಾಹೀರಾತು ಸಂಸ್ಥೆಯ ತೀರ್ಪಿನಂತೆ ನಮಗೂ ಬಿಡುಗಡೆ ಸಿಗಬಹುದು. ಆದರೆ ಮಗುವಿನ ಮನಸ್ಸಿನಲ್ಲಿ ಆ ಪ್ರಕರಣ ಮುಗಿಯುವುದಿಲ್ಲ. ಮನೆಯವರ ಮಾತನ್ನೇ ನೆಚ್ಚಲಾಗದ ಮಗು ಹೊರಗಿನ ಬಣ್ಣದ ಮಾತಿಗೆ ಬೇಗ ಒಲಿದರೆ ಆಶ್ಚರ್ಯವೇನು?

ಆ ಸಣ್ಣ ಸಂಸ್ಥೆಯಿಂದ ನಾವು ಕಲಿಯಬೇಕಾದದ್ದು ಇಲ್ಲಿದೆ. ಮಾತು ಮೀರಿದೆಯೆಂದು ತಿಳಿದಾಗ ವಾದ ಮಾಡಬಾರದು, ಹೊಸ ಭರವಸೆಯನ್ನೂ ಕೊಡಬಾರದು. ಸುಮ್ಮನೆ ಎದ್ದು ಕೆಲಸ ಮಾಡಬೇಕು. ತಡವಾದರೂ ಅದು ಸಲ್ಲುತ್ತದೆ.

ಕಳೆದ ವಾರ ಆ ತಂದೆ ದೂರವಾಣಿಯಲ್ಲಿ ಮಾತನಾಡಿದರು. ಅಂಗಡಿಯನ್ನು ಎರಡು ದಿನ ಮುಚ್ಚಿ, ಮಗನೊಡನೆ ಬೆಂಗಳೂರಿಗೆ ಹೋಗಿ ಬಂದರಂತೆ. ತಾರಾಲಯದ ಗುಮ್ಮಟದ ಕೆಳಗೆ ದೀಪಗಳು ಆರಿ ನಕ್ಷತ್ರಗಳು ಮೂಡಿದಾಗ ಹುಡುಗ ಒಂದು ಮಾತನ್ನೂ ಆಡಲಿಲ್ಲವಂತೆ. ಅಪ್ಪನ ಕೈಯನ್ನು ಮಾತ್ರ ಹಿಡಿದುಕೊಂಡಿದ್ದನಂತೆ. ಹಣ ಇನ್ನೂ ಅವನ ಡಬ್ಬಿಯಲ್ಲಿಯೇ ಇದೆ. ಆಟ ಬರಲಿ, ಬಂದ ಮೇಲೆ ನೋಡಿ ಕೊಳ್ಳುತ್ತೇನೆ ಎನ್ನುತ್ತಾನಂತೆ. ಕೊಳ್ಳಲಿ. ಅಂತರಿಕ್ಷದಲ್ಲಿ ಮನದಣಿಯೆ ಸಂಚರಿಸಲಿ. ಕಂಡದ್ದಕ್ಕೆ ಬೆಲೆ ಕೊಟ್ಟವನಿಗೆ ನಿರಾಶೆ ಕಡಿಮೆ.